ಹಿನ್ನೀರಿನ ಹಳ್ಳಿ, ಬಾಗಿಲಲ್ಲಿ ಕರೆಯುವ ದನಿ, ಇಬ್ಬರು ಹೆಂಗಸರು: ನನ್ನ ಕಾದಂಬರಿಯ ಕೊನೆಯ ಬಗ್ಗೆ ಸಲಹೆ ಬೇಕು

ಕುಕ್ಕರಹಳ್ಳಿ_ದಂಡೆ (ಮೈಸೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ, ಕಚೇರಿಯ ಕೆಲಸ ಮುಗಿಸಿ ಮನೆಯವರೆಲ್ಲ ಮಲಗಿದ ಮೇಲೆ, ಒಂದು ಕಾದಂಬರಿಯನ್ನು ಬರೆಯುತ್ತಿದ್ದೇನೆ. ಅದು ದೆವ್ವದ ಕಥೆಯೂ ಹೌದು, ಇಬ್ಬರು ಹೆಂಗಸರ ಪ್ರೇಮದ ಕಥೆಯೂ ಹೌದು. ಮುಕ್ಕಾಲು ಪಾಲು ಬರೆದಾಗಿದೆ. ಉಳಿದ ಕಾಲು ಪಾಲು ಮೂರು ತಿಂಗಳಿನಿಂದ ಒಂದು ಸಾಲೂ ಮುಂದಕ್ಕೆ ಹೋಗಿಲ್ಲ.

ಕಥೆ ನಡೆಯುವುದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಅಂಚಿನಲ್ಲಿರುವ ಒಂದು ಕಲ್ಪಿತ ಹಳ್ಳಿಯಲ್ಲಿ, 2024ರ ಬೇಸಿಗೆಯಲ್ಲಿ. ಭಾಗ್ಯ ಎಂಬವಳು ಮದುವೆಯಾದ ಎರಡೇ ವರ್ಷಕ್ಕೆ ತವರಿಗೆ ಹಿಂತಿರುಗಿ, ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ರವಿಕೆ ಹೊಲಿದು ಬದುಕುತ್ತಿದ್ದಾಳೆ. ನಾಗರತ್ನ ಧಾರವಾಡದ ಕಡೆಯವಳು. ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಗಿ ಬಂದಿರುವ ಅವಳನ್ನು ಊರು 'ನರ್ಸಮ್ಮ' ಎಂದು ಕರೆಯುತ್ತದೆ. ಊರಿನಲ್ಲಿ, ಸಾವಿಗೆ ಕೆಟ್ಟದ್ದೆಂದು ನಂಬುವ ಧನಿಷ್ಠಾ ಪಂಚಕದ ನಕ್ಷತ್ರಗಳಲ್ಲಿ ಒಂದು ಸಾವಾಗಿ, ಆ ಮನೆಯವರು ಬಾಗಿಲಿಗೆ ಜಾಲಿಮುಳ್ಳು ಹೊಡೆದು ಮನೆ ಬಿಟ್ಟಿದ್ದಾರೆ. ಆ ಮನೆಯ ಕಡೆ ಯಾರೂ ಸುಳಿಯುವುದಿಲ್ಲವಾದ್ದರಿಂದ ಇವರಿಬ್ಬರೂ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ಅಲ್ಲಿಯೇ ಸೇರುತ್ತಾರೆ. ಒಳಗೆ ಅವರು ಹಚ್ಚುವ ಸಣ್ಣ ದೀಪವನ್ನು ಕಂಡವರು ಅದನ್ನು ದೆವ್ವವೆಂದೇ ತಿಳಿಯುತ್ತಾರೆ; ಊರಿನ ಆ ಭಯವೇ ಇವರಿಗೆ ಬೇಲಿಯಾಗುತ್ತದೆ.

ಅಲ್ಲಿಯವರೆಗೆ ದೆವ್ವವೆಂಬುದು ಬರೀ ಸುದ್ದಿ. ಆದರೆ ಜಲಾಶಯದ ನೀರು ಇಳಿದು, ಕಟ್ಟೆ ಕಟ್ಟುವಾಗ ಮುಳುಗಿದ್ದ ಊರಿನ ಅಡಿಪಾಯದ ಕಲ್ಲುಗಳೂ ವೇಣುಗೋಪಾಲಸ್ವಾಮಿ ಗುಡಿಯೂ ಹೊರಗೆ ಕಾಣಿಸಿಕೊಂಡ ಮೇಲೆ, ರಾತ್ರಿಯ ಹೊತ್ತು ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುವ ದನಿಯೊಂದು ಶುರುವಾಗುತ್ತದೆ. ರಾತ್ರಿ ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು, ಮೂರು ಸಲ ಕರೆದರಷ್ಟೇ ಮನುಷ್ಯರು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರಲ್ಲ, ಅದೇ ನಂಬಿಕೆ. 1990ರ ದಶಕದಲ್ಲಿ ಊರೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಕಥೆಯಲ್ಲಿ ಆ ದನಿ ಪ್ರತಿಯೊಬ್ಬರಿಗೂ ಅವರಿಗೆ ಬೇಕಾದವರ ದನಿಯಲ್ಲಿಯೇ ಕೇಳಿಸುತ್ತದೆ, ಕರೆಸಿಕೊಂಡವರಿಗಲ್ಲದೆ ಬೇರೆ ಯಾರಿಗೂ ಕೇಳಿಸುವುದಿಲ್ಲ. ಓಗೊಟ್ಟವರು ಎದ್ದು ನಡೆದುಹೋಗಿ, ಬೆಳಗಾಗುವಾಗ ಮುಳುಗಿದ ಊರಿನ ಕಲ್ಲುಗಳ ನಡುವೆ ಮಾತು ಕಳೆದುಕೊಂಡು ಕುಳಿತಿರುತ್ತಾರೆ. ಹೀಗೆ ಮೂವರಾಗಿದ್ದಾರೆ.

ಭಾನುವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಕೂಡುವ ನಮ್ಮ ಓದುಗರ ಗುಂಪಿನಲ್ಲಿ ಇಷ್ಟನ್ನು ಓದಿದೆ. ಒಬ್ಬರು, ಭಾಗ್ಯಳಿಗೆ ಮೊದಲೇ ಗಾಳಿ ಸೋಕಿತ್ತು, ಆದ್ದರಿಂದಲೇ ಅವಳಿಗೆ ಹೆಣ್ಣಿನ ಮೇಲೆ ಮನಸ್ಸಾಯಿತು ಎಂದು ಕೊನೆಯಲ್ಲಿ ತೋರಿಸಿದರೆ ಎರಡು ಕಥೆಗಳೂ ಒಂದಾಗುತ್ತವೆ ಎಂದರು. ಇನ್ನೊಬ್ಬರು, ಇಬ್ಬರಲ್ಲಿ ಒಬ್ಬಳು ಸಾಯದಿದ್ದರೆ ಇಂಥ ಕಥೆಗೆ ಗಾಂಭೀರ್ಯ ಬರುವುದಿಲ್ಲ ಎಂದರು. ಎರಡೂ ನನಗೆ ಸರಿಕಾಣಲಿಲ್ಲ. ಏಕೆ ಸರಿಯಲ್ಲ ಎಂದು ಅವರಿಗೆ ಹೇಳಲು ಮಾತು ಸಿಗಲಿಲ್ಲ, ಬದಲಿಗೆ ಏನು ಬರೆಯಬೇಕೆಂಬುದೂ ಹೊಳೆಯುತ್ತಿಲ್ಲ. ಕರೆಯುವ ದನಿ ಯಾರದ್ದು ಎಂಬುದಕ್ಕೆ ಸದ್ಯಕ್ಕೆ ನಾನು ಇಟ್ಟುಕೊಂಡಿರುವ ಉತ್ತರವೆಂದರೆ, ಊರು ಮುಳುಗುವಾಗ ಬಿಟ್ಟು ಬರಲು ಒಪ್ಪದೆ ಉಳಿದುಕೊಂಡ ಒಬ್ಬ ವಿಧವೆ, ಅವಳಿಗೂ ಒಬ್ಬ ಗೆಳತಿಯಿದ್ದಳು ಎಂಬುದು. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಹಳೇಪುಸ್ತಕ ಅವರ ಉತ್ತರ:

ನಿಮ್ಮ ಗುಂಪಿನ ಮೊದಲ ಸಲಹೆ ಏಕೆ ಸರಿಕಾಣಲಿಲ್ಲ ಎಂಬುದಕ್ಕೆ ಮಾತು ನಾನು ಕೊಡಲು ಪ್ರಯತ್ನಿಸುತ್ತೇನೆ. ಆ ಸಲಹೆಗೆ ಒಂದೂವರೆ ಶತಮಾನದ ವಯಸ್ಸಾಗಿದೆ. ಐರ್ಲೆಂಡಿನ ಶೆರಿಡನ್ ಲೆ ಫ್ಯಾನು ಬರೆದ 'ಕಾರ್ಮಿಲ್ಲಾ' 1872ರ ಹೊತ್ತಿಗೆ ಪುಸ್ತಕದಲ್ಲಿ ಸೇರಿತ್ತು. ಎಲ್ಲರಿಗೂ ಗೊತ್ತಿರುವ 'ಡ್ರಾಕುಲಾ' ಬಂದದ್ದು ಅದಾಗಿ 25 ವರ್ಷಗಳ ಮೇಲೆ, 1897ರಲ್ಲಿ. ಒಂಟಿ ಕೋಟೆಮನೆಯಲ್ಲಿ ತಂದೆಯೊಡನೆ ಬೆಳೆದ ಹುಡುಗಿಯ ಬಳಿಗೆ ಅತಿಥಿಯಾಗಿ ಬರುವ ಇನ್ನೊಬ್ಬ ಹುಡುಗಿ ಅವಳನ್ನು ಪ್ರೀತಿಸುತ್ತಾಳೆ, ಹಾಗೆಯೇ ಅವಳ ರಕ್ತವನ್ನೂ ಹೀರುತ್ತಾಳೆ. ಕೊನೆಗೆ ಗಂಡಸರೆಲ್ಲ ಸೇರಿ ಗೋರಿ ಅಗೆದು ಅವಳನ್ನು ಮುಗಿಸುತ್ತಾರೆ. ಹೆಣ್ಣನ್ನು ಪ್ರೀತಿಸುವ ಹೆಣ್ಣೆಂದರೆ ಪಿಶಾಚಿ, ಅವಳಿಂದ ಪ್ರೀತಿಸಿಕೊಂಡವಳೆಂದರೆ ರೋಗಿ ಎಂಬ ಅಚ್ಚು ಅಲ್ಲಿಂದ ಮುಂದೆ ಎಷ್ಟೋ ಕಥೆಗಳಿಗೆ, ಸಿನಿಮಾಗಳಿಗೆ ಹೋಗಿದೆ. ನಿಮ್ಮ ಗೆಳೆಯರು ಅದನ್ನು ಓದಿರಬೇಕೆಂದೇನಿಲ್ಲ. ಅಚ್ಚು ಎಂಬುದು ಹಾಗೆಯೇ, ಮೂಲ ಗೊತ್ತಿಲ್ಲದವರ ಕೈಯಲ್ಲಿಯೂ ಒತ್ತುತ್ತಿರುತ್ತದೆ.

ಆದರೂ ಆ ಪುಸ್ತಕವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಲೇಖಕ ಕೊನೆಯಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದಾನೆ. ಎಲ್ಲ ಮುಗಿದು ವರ್ಷಗಳು ಕಳೆದ ಮೇಲೂ, ಕಥೆ ಹೇಳುತ್ತಿರುವ ಆ ಹುಡುಗಿಗೆ ಕಾರ್ಮಿಲ್ಲಾಳ ಹೆಜ್ಜೆಯ ಸದ್ದು ನಡುಮನೆಯ ಬಾಗಿಲಲ್ಲಿ ಕೇಳಿಸಿದಂತಾಗಿ ಬೆಚ್ಚುತ್ತಾಳೆ. ಅದು ಹೆದರಿಕೆಯೋ, ಕಾಯುವಿಕೆಯೋ ಎಂದು ಅವನು ಹೇಳುವುದಿಲ್ಲ. ನಿಮ್ಮ ಕಥೆಯಲ್ಲಿಯೂ ಒಂದು ಬಾಗಿಲು ಇರುವುದರಿಂದ ಇದನ್ನು ನೆನಪಿಸುತ್ತಿದ್ದೇನೆ.

ನಮ್ಮ ಕಡೆಯ ಕಥೆಗಳು ಬೇರೆ ದಾರಿ ಹಿಡಿದಿವೆ. ರಾಜಸ್ಥಾನಿ ಲೇಖಕ ವಿಜಯದಾನ್ ದೇಥಾ ಜನಪದ ಧಾಟಿಯಲ್ಲಿ ಹೇಳಿದ ಒಂದು ಕಥೆಯಲ್ಲಿ, ಹುಟ್ಟುವ ಮೊದಲೇ ಅಪ್ಪಂದಿರು ಮಾಡಿಕೊಂಡ ಮಾತಿನಂತೆ ಇಬ್ಬರು ಹುಡುಗಿಯರಿಗೆ ಮದುವೆಯಾಗಿಬಿಡುತ್ತದೆ. ಊರಿನವರು ಅವರನ್ನು ಓಡಿಸುತ್ತಾರೆ. ಆಸರೆ ಕೊಡುವುದು ಯಾರು ಎಂದರೆ ದೆವ್ವಗಳು! ದೆವ್ವಗಳ ಒಡೆಯ ಅವರಲ್ಲೊಬ್ಬಳನ್ನು ಗಂಡಾಗಿ ಮಾಡುತ್ತಾನೆ. ಗಂಡಾದೊಡನೆ ಅವಳಿಗೆ ಯಜಮಾನಿಕೆಯ ಗತ್ತು ಬಂದು ಸಂಸಾರ ಕೆಡುತ್ತದೆ, ಮತ್ತೆ ಹೆಣ್ಣಾದ ಮೇಲೆಯೇ ಇಬ್ಬರಿಗೂ ಸುಖ. ಬಂಗಾಳದ ಕೃತ್ತಿವಾಸ ರಾಮಾಯಣದಲ್ಲಂತೂ, ಗಂಡ ಸತ್ತ ಇಬ್ಬರು ರಾಣಿಯರ ಕೂಟದಿಂದ, ಶಿವನ ವರದ ಬಲದಿಂದ ಭಗೀರಥನೇ ಹುಟ್ಟುತ್ತಾನೆ. ಇಲ್ಲೆಲ್ಲ ಅಲೌಕಿಕವೆಂಬುದು ಪ್ರೇಮಕ್ಕೆ ಕಾರಣವೂ ಅಲ್ಲ, ಶಿಕ್ಷೆಯೂ ಅಲ್ಲ. ಮನುಷ್ಯರು ಜಾಗ ಕೊಡದಿದ್ದಾಗ ಅದು ಜಾಗ ಕೊಡುತ್ತದೆ. ಮುಳ್ಳು ಹೊಡೆದ ಮನೆಯನ್ನು ಕಲ್ಪಿಸಿಕೊಂಡಾಗ ನೀವು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಈ ದಾರಿಯಲ್ಲಿಯೇ ಇದ್ದಿರಿ. ಕೊನೆಯಲ್ಲಿ ಬಂದು ಐರ್ಲೆಂಡಿನ ರಸ್ತೆಗೆ ಏಕೆ ತಿರುಗಬೇಕು?

ವಿಧವೆಗೂ ಒಬ್ಬ ಗೆಳತಿಯಿದ್ದಳು ಎಂಬ ನಿಮ್ಮ ಉತ್ತರ ನನಗೆ ಹಿಡಿಸಲಿಲ್ಲ. ಅದು ತೀರಾ ಅಚ್ಚುಕಟ್ಟು. ಓದುಗ 'ಓಹೋ' ಎಂದು ಪುಸ್ತಕ ಮುಚ್ಚುತ್ತಾನೆ, ಅಷ್ಟೇ.

ಹಿನ್ನೀರು_124 ಅವರ ಉತ್ತರ:

ನಾನು ಕಾದಂಬರಿಗಳನ್ನು ಓದುವುದು ಕಡಿಮೆ. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪ್ರೇಮದ ವಿಷಯದಲ್ಲಿ ಮಾತನಾಡಲು ನನಗೆ ಅರ್ಹತೆಯಿಲ್ಲವಾದರೂ, ನೀರಿನ ವಿಷಯದಲ್ಲಿ ನೀವು ಕೆಲವು ತಪ್ಪುಗಳನ್ನು ಮಾಡಿದ್ದೀರಿ. ದೆವ್ವವನ್ನು ನಂಬಿಸಬೇಕಾದರೆ ನೀರಿನ ಲೆಕ್ಕ ಸರಿಯಿರಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, 2024ರಲ್ಲಿ ನೀರು ಎಷ್ಟೇ ಇಳಿದರೂ ವೇಣುಗೋಪಾಲಸ್ವಾಮಿ ಗುಡಿ ಅಲ್ಲಿ ಕಾಣಿಸಿಕೊಳ್ಳಲು ಸಾಧ್ಯವಿಲ್ಲ. ಹೊಯ್ಸಳರ ಕಾಲದ ಆ ಗುಡಿಯನ್ನು ಈ ಶತಮಾನ ಹುಟ್ಟಿದ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ, ಮೇಲಕ್ಕೆ ತಂದು, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಈಗ ಅದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಜಾಗ. ಗುಡಿ ನೀರಿನಿಂದ ಎದ್ದು ನಿಲ್ಲಲೇಬೇಕೆಂದಿದ್ದರೆ ನಿಮ್ಮ ಕಥೆಯನ್ನು 2000ದ ಆಚೀಚಿನ ಬರದ ದಿನಗಳಿಗೆ ಹಿಂದಕ್ಕೆ ಒಯ್ಯಿರಿ. 2002ನೆಯ ಇಸವಿ ನಿಮಗೆ ಚೆನ್ನಾಗಿ ಹೊಂದುತ್ತದೆ. ಆ ವರ್ಷ ಜುಲೈ ತಿಂಗಳಿನ ಮಳೆ ದೇಶಕ್ಕೆ ದೇಶವೇ ಕೈಕೊಟ್ಟಿತ್ತು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಮಿಳುನಾಡಿಗೆ ನೀರು ಬಿಡುವ ವಿಷಯದಲ್ಲಿ ಮಂಡ್ಯ ಜಿಲ್ಲೆ ಹೊತ್ತಿ ಉರಿಯುತ್ತಿತ್ತು, ಮೈಸೂರು–ಬೆಂಗಳೂರು ರಸ್ತೆಯಲ್ಲಿ ಬಸ್ಸುಗಳು ನಿಲ್ಲುತ್ತಿದ್ದವು. ನಿಮ್ಮ ನರ್ಸಮ್ಮ ಮೀಟಿಂಗಿಗೆಂದು ತಾಲ್ಲೂಕು ಕೇಂದ್ರಕ್ಕೆ ಹೋದವಳು ಎರಡು ದಿನ ಹಿಂತಿರುಗಲಾಗದಿದ್ದರೆ ಅದಕ್ಕೆ ಬೇರೆ ಕಾರಣವನ್ನೇ ಹುಡುಕಬೇಕಾಗಿಲ್ಲ.

ಎರಡನೆಯದು ಮಳೆಯ ವಿಷಯ. ನೀವು ಬರೆಯುವ ಕೊನೆಯಲ್ಲಿ ಗುಡುಗು ಸಿಡಿಲಿನ ರಾತ್ರಿ ನೀರು ಏರುತ್ತದೆ ಎಂದು ನಾನು ಊಹಿಸುತ್ತೇನೆ, ಏಕೆಂದರೆ ಎಲ್ಲರೂ ಹಾಗೆಯೇ ಬರೆಯುತ್ತಾರೆ. ಕಟ್ಟೆಗೆ ನೀರು ಬರುವುದು ಮಂಡ್ಯದ ಮಳೆಯಿಂದಲ್ಲ. ಕೊಡಗಿನಲ್ಲಿ, ಭಾಗಮಂಡಲದ ಕಡೆ ಮಳೆ ಹಿಡಿದರೆ ಕಾವೇರಿ ತುಂಬುತ್ತಾಳೆ. ಹೇಮಾವತಿ, ಲಕ್ಷ್ಮಣತೀರ್ಥಗಳೂ ಹಿನ್ನೀರಿನಲ್ಲಿ ಬಂದು ಸೇರುತ್ತವೆ. ನಿಮ್ಮ ಹಳ್ಳಿಯ ಮೇಲೆ ನಕ್ಷತ್ರಗಳು ನಿಚ್ಚಳವಾಗಿ ಕಾಣುತ್ತಿರುವ ರಾತ್ರಿಯಲ್ಲಿಯೇ, ಒಂದು ಹನಿ ಬೀಳದೆ, ಸದ್ದಿಲ್ಲದೆ, ನಿನ್ನೆ ಎಮ್ಮೆ ಕಟ್ಟಿದ್ದ ಗೂಟದ ಬುಡಕ್ಕೆ ನೀರು ಬಂದು ನಿಂತಿರುತ್ತದೆ. ನನ್ನ ನೌಕರಿಯ ಕಾಲದಲ್ಲಿ ಅದನ್ನು ಎಷ್ಟೋ ಸಲ ಕಂಡಿದ್ದೇನೆ. ಒಳಹರಿವಿನ ಅಂಕಿಗಳು ಕೈಯಲ್ಲಿಯೇ ಇದ್ದರೂ, ಟಾರ್ಚ್ ಬೆಳಕಿನಲ್ಲಿ ಆ ನೀರನ್ನು ನೋಡಿದಾಗ ಬೆನ್ನು ತಣ್ಣಗಾಗುತ್ತಿದ್ದದ್ದು ನಿಜ. ಗುಡುಗಿನ ಅಗತ್ಯವಿಲ್ಲ.

ಇನ್ನೊಂದು ಮಾತು. ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು ಕಡೆಯ ಹೊಲಗಳನ್ನು ಕಬ್ಬಿನ ಗದ್ದೆಗಳನ್ನಾಗಿ ಮಾಡಿತು. ಆದರೆ ನಾಲೆ ಹರಿಯುವುದು ಕಟ್ಟೆಯ ಕೆಳಕ್ಕೆ. ಊರು, ಗುಡಿ, ಸ್ಮಶಾನಗಳನ್ನು ನೀರಿಗೆ ಕೊಟ್ಟು ಮೇಲಕ್ಕೆ ಬಂದು ಅಂಚಿನಲ್ಲಿ ಮನೆ ಕಟ್ಟಿಕೊಂಡವರ ಹೊಲಕ್ಕೆ ಆ ನಾಲೆಯ ನೀರು ಹತ್ತುವುದಿಲ್ಲ. ಕಣ್ಣೆದುರಿಗೆ ಸಮುದ್ರದಂಥ ನೀರು, ಹೊಲದಲ್ಲಿ ಮಳೆಗೆ ಕಾಯುವ ರಾಗಿ. ನಿಮ್ಮ ದನಿಗೆ ಕೋಪವೇನಾದರೂ ಇದ್ದರೆ ಅದು ಅಲ್ಲಿಂದ ಬರಲಿ ಎಂಬುದು ನನ್ನ ಸೂಚನೆ. ಅದಕ್ಕೂ ಆ ಇಬ್ಬರು ಹೆಣ್ಣುಮಕ್ಕಳಿಗೂ ಸಂಬಂಧವೇ ಬೇಕಾಗಿಲ್ಲ.

ಅಧ್ಯಾಯಗಳಿಗೆ ಹೆಸರಿನ ಬದಲು ಆ ದಿನದ ನೀರಿನ ಮಟ್ಟವನ್ನು ಹಾಕಿದರೆ ಹೇಗೆ? ನಮ್ಮ ಜಿಲ್ಲೆಯಲ್ಲಿ ಪತ್ರಿಕೆ ಬಿಡಿಸಿದವರು ಮೊದಲು ನೋಡುವುದು ಅದನ್ನೇ. ಪೂರ್ಣ ಮಟ್ಟ 124.80 ಅಡಿ ಎಂಬುದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ.

ಕೊನೆಪುಟ_ಮೊದಲು ಅವರ ಉತ್ತರ:

ಕಥೆಯನ್ನು 2002ಕ್ಕೆ ಒಯ್ಯಬೇಕೆಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಅದಕ್ಕೆ ನನ್ನ ಕಾರಣ ಬೇರೆ. 2024ರಲ್ಲಿ ಬಾಗಿಲಿನಾಚೆ ನಾಗರತ್ನಳ ದನಿ ಕೇಳಿದರೆ ಭಾಗ್ಯ ಅವಳ ಮೊಬೈಲಿಗೆ ಒಂದು ಕರೆ ಮಾಡುತ್ತಾಳೆ, ಕಥೆ ಅಲ್ಲಿಗೆ ಮುಗಿಯಿತು. 2002ರಲ್ಲಿ ಅಂಥ ಹಳ್ಳಿಯಲ್ಲಿ ಇರಬಹುದಾದದ್ದು ಅಂಗಡಿಯ ಮುಂದಿನ ಕಾಯಿನ್ ಬೂತ್ ಒಂದೇ, ಅದೂ ರಾತ್ರಿ ಎಂಟಕ್ಕೆ ಬೀಗ. ಆಚೆಗಿರುವುದು ಯಾರೆಂದು ತಿಳಿಯಲು ಬಾಗಿಲು ತೆರೆಯುವುದೊಂದೇ ದಾರಿಯಾಗಬೇಕು.

ಕಾನೂನಿನ ಲೆಕ್ಕವೂ ಬದಲಾಗುತ್ತದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ಕಲಂ ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಮುಂಚಿನ ಕಥೆಯೆಂದೊಡನೆ ಬರೆಯುವವರೆಲ್ಲ ಆ ಕಲಮನ್ನು ಪೊಲೀಸರ ಬಾಯಿಯಲ್ಲಿ ಇಡುತ್ತಾರೆ. ಆದರೆ ಇಬ್ಬರು ಹೆಂಗಸರ ವಿಷಯದಲ್ಲಿ ಮನೆಯವರು ಠಾಣೆಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಕಾಣೆಯಾಗಿದ್ದಾಳೆ, ಅಪಹರಣವಾಗಿದೆ ಎಂಬ ದೂರನ್ನು ಹಿಡಿದುಕೊಂಡು. ಇದನ್ನು ಬಳಸಿಕೊಳ್ಳಿ. ದನಿಯ ಹಿಂದೆ ಹೋಗಿ ಕಾಣೆಯಾದವರಿಗಾಗಿ ಊರಿಗೆ ಬಂದ ಪೊಲೀಸರ ಮುಂದೆಯೇ ಭಾಗ್ಯಳ ಅಣ್ಣ ತನ್ನ ತಂಗಿಯ ಬಗ್ಗೆ ಇನ್ನೊಂದು ಕಾಗದ ಬರೆದುಕೊಡಲಿ. ಎರಡು ದೂರು, ಒಂದೇ ಪುಸ್ತಕ, ಎರಡರಲ್ಲಿಯೂ ಒಂದೇ ಪದ: 'ಕಾಣೆ'. ತನಿಖೆ ಮುಂದುವರಿದಂತೆ ಇವರಿಬ್ಬರ ಮನೆಯ ದೀಪಕ್ಕೆ ಹತ್ತಿರವಾಗುತ್ತಾ ಹೋಗುತ್ತದೆ.

ಒಬ್ಬಳು ಸಾಯಬೇಕು ಎಂಬುದರ ಬಗ್ಗೆ ರೋಚಕ ಕಾದಂಬರಿಗಳ ಹಳೆಯ ಓದುಗನಾಗಿ ಇಷ್ಟು ಹೇಳಬಲ್ಲೆ. ಇಂಥ ಕಥೆಗಳಲ್ಲಿ ಒಬ್ಬಳು ಸತ್ತೇ ಸಾಯುತ್ತಾಳೆಂದು ಓದುಗನಿಗೆ ಮೂವತ್ತನೆಯ ಪುಟದಲ್ಲಿಯೇ ಗೊತ್ತಾಗಿಬಿಟ್ಟಿದ್ದರೆ ಅವನು ಯಾವುದಕ್ಕಾಗಿ ಉಸಿರು ಬಿಗಿಹಿಡಿಯಬೇಕು? (ನಾನು ಕೊನೆಯ ಪುಟವನ್ನು ಮೊದಲು ಓದುವವನಾದ್ದರಿಂದ ನನಗೆ ಈ ತೊಂದರೆಯಿಲ್ಲ.)

ಸಂಜೆಮಲ್ಲಿಗೆ (ಮಂಡ್ಯ) ಅವರ ಉತ್ತರ:

ಈ ಚರ್ಚೆಯನ್ನು ಎರಡು ದಿನ ಸುಮ್ಮನೆ ಓದಿ, ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಈಗ ಬರೆಯುತ್ತಿದ್ದೇನೆ. ನಾನೂ ನನ್ನ ಜೊತೆಗಾತಿಯೂ ಒಂದೇ ಮನೆಯಲ್ಲಿ ಬಹಳ ವರ್ಷಗಳಿಂದ ಇದ್ದೇವೆ. ಬೀದಿಯವರು ನಮ್ಮನ್ನು ಅಕ್ಕತಂಗಿಯರ ಹಾಗೆ ಎನ್ನುತ್ತಾರೆ, ಕೆಲವರು ಅಕ್ಕತಂಗಿಯರೆಂದೇ ತಿಳಿದಿದ್ದಾರೆ. ನಾವು ತಿದ್ದಲು ಹೋಗಿಲ್ಲ. ಆದ್ದರಿಂದ ನಿಮ್ಮ ಮುಳ್ಳುಮನೆ ನನಗೆ ಬಹಳ ಚೆನ್ನಾಗಿ ಅರ್ಥವಾಯಿತು. ಊರಿನವರು ತಪ್ಪಾಗಿ ತಿಳಿದುಕೊಂಡಿರುವುದರ ಒಳಗೆ ಬದುಕುವುದು ಹೇಗೆಂದು ನೀವು ಯಾರನ್ನೋ ಕೇಳಿ ಬರೆದಿದ್ದೀರಿ, ಅಥವಾ ನಿಮಗೇ ಗೊತ್ತಿದೆ.

ಭಾಷೆಯ ಬಗ್ಗೆ ಮೊದಲು ಹೇಳುತ್ತೇನೆ. 'ಸಲಿಂಗಪ್ರೇಮ' ಎಂಬ ಪದವನ್ನು ದಯವಿಟ್ಟು ಆ ಇಬ್ಬರ ಮನಸ್ಸಿನೊಳಗೆ ತರಬೇಡಿ. ಅದು ಪತ್ರಿಕೆಯ ಪದ. 1998ರ ಕೊನೆಯಲ್ಲಿ ಇಬ್ಬರು ಹೆಂಗಸರ ಪ್ರೇಮವನ್ನು ತೋರಿಸಿದ 'ಫೈರ್' ಎಂಬ ಸಿನಿಮಾದ ಮೇಲೆ ಮುಂಬೈ, ದೆಹಲಿಯ ಚಿತ್ರಮಂದಿರಗಳಲ್ಲಿ ದಾಂಧಲೆಯಾದಾಗ ನಾನು ಅಂಥ ಪದಗಳನ್ನು ಪತ್ರಿಕೆಯಲ್ಲಿ ಓದಿ, ಇದು ನನ್ನ ಬಗ್ಗೆ ಎಂದು ಹೊಳೆಯದೆ ಪುಟ ತಿರುಗಿಸಿದ್ದೆ. ಹೆಸರಿಲ್ಲದೆಯೂ ಎಲ್ಲ ನಡೆಯುತ್ತದೆ. ನಮ್ಮ ಕಡೆ 'ಉಂಡ್ಯಾ?' ಎಂದು ಕೇಳುವ ಮಾತಿಗೆ ನೂರು ಅರ್ಥಗಳಿವೆ. ಇಡೀ ಊರು ಇಡೀ ಊರನ್ನು ಕೇಳುವ ಆ ಮಾತನ್ನು, ರಾತ್ರಿ ಹತ್ತು ಗಂಟೆಗೆ, ಒಬ್ಬಳು ತಾನು ಉಣ್ಣದೆ ಕಾದು ಕುಳಿತು ಕೇಳಿದಾಗ ಅದು ಬೇರೆಯಾಗುತ್ತದೆ. ಭಾಗ್ಯ ಮೊದಮೊದಲು 'ನರ್ಸಮ್ಮ' ಎನ್ನುತ್ತಾಳೆ, ಬಹುವಚನ ಹಾಕುತ್ತಾಳೆ. ಒಂದು ದಿನ ಬಾಯಿ ತಪ್ಪಿ, ಸಲಿಗೆಯಿಂದ ಕರೆಯುವ 'ಅಮ್ಮಿ' ಸೇರಿಸಿ, 'ಬಾಮ್ಮಿ ಒಳಕ್ಕೆ' ಎನ್ನುತ್ತಾಳೆ. ಮಂಡ್ಯದವರಿಗೆ ಅಷ್ಟೇ ಸಾಕು. ಅದಕ್ಕಿಂತ ದೊಡ್ಡ ಪ್ರೇಮ ನಿವೇದನೆ ನಿಮ್ಮ ಕಾದಂಬರಿಗೆ ಬೇಕಾಗುವುದಿಲ್ಲ.

ಆ ಧಾರವಾಡದವಳಿಗೆ 'ಅಮ್ಮಿ' ಎಂಬುದು ಹೊಸ ಪದವಾಗಿರುತ್ತದೆ. ಅವಳು ಅದನ್ನು ಕಲಿತು ತಿರುಗಿ ಹೇಳಿದಾಗ ನಮ್ಮವರು ಹೇಳುವ ಹಾಗೆ ಬರುವುದಿಲ್ಲ. ಎಳೆತ ಬೇರೆ, ಒತ್ತು ಬೇರೆ. ಭಾಗ್ಯ ಅದನ್ನು ಆಡಿಕೊಂಡು ನಗುತ್ತಾಳೆ, ಆದರೆ ತಿದ್ದುವುದಿಲ್ಲ. ತಿದ್ದಬಾರದು, ಮುಂದೆ ಬೇಕಾಗುತ್ತದೆ. ಬಾಗಿಲಿನಾಚೆ ನಿಂತದ್ದು ನಾಗರತ್ನಳ ದನಿಯಲ್ಲಿ 'ಅಮ್ಮಿ' ಎಂದು ಕರೆದಾಗ, ಮುಳುಗಿದ ಊರಿನದಾದ್ದರಿಂದ ಅದು ಆ ಪದವನ್ನು ಸರಿಯಾಗಿ ಹೇಳುತ್ತದೆ. ಅಪ್ಪಟ ಮಂಡ್ಯದ ಹಾಗೆ. ಕೈ ಅಗುಳಿಯ ಮೇಲಿಟ್ಟ ಭಾಗ್ಯ ಅಲ್ಲಿಯೇ ನಿಲ್ಲುತ್ತಾಳೆ.

ಇನ್ನು ನಾನು ಕೇಳಬೇಕಾದ ಮುಖ್ಯ ಪ್ರಶ್ನೆ. ದನಿ ಪ್ರತಿಯೊಬ್ಬರಿಗೂ ಅವರಿಗೆ ಬೇಕಾದವರ ದನಿಯಲ್ಲಿ ಕೇಳಿಸುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದ ಮೇಲೆ, ಅರಳಿಕಟ್ಟೆಯ ಮೇಲೆ ಊರು ಸೇರಿ, ನಿನಗೆ ಯಾರ ದನಿ ಕೇಳಿಸಿತು ಎಂದು ಒಬ್ಬೊಬ್ಬರನ್ನಾಗಿ ಕೇಳುವ ಒಂದು ದೃಶ್ಯ ಇದ್ದೇ ಇರಬೇಕಲ್ಲವೇ? ಒಬ್ಬ ಸತ್ತ ಮಗನ ದನಿ ಎನ್ನುತ್ತಾನೆ, ಇನ್ನೊಬ್ಬಳು ದುಬೈಗೆ ಹೋದ ಗಂಡನ ದನಿ ಎನ್ನುತ್ತಾಳೆ. ಬಹುಶಃ ಗೌಡರ ಹೆಂಡತಿ ಗಂಡನ ದನಿ ಎಂದು ಸುಳ್ಳು ಹೇಳುತ್ತಾಳೆ, ಏಕೆಂದರೆ ಅವಳಿಗೆ ಕೇಳಿಸಿದ್ದು ಬೇರೆ ಯಾರದೋ. ಭಾಗ್ಯಳ ಸರದಿ ಬಂದಾಗ ಅವಳು ಏನು ಹೇಳುತ್ತಾಳೆ? ನೀವು ನಿಮ್ಮ ಪ್ರಶ್ನೆಯಲ್ಲಿ ಎಲ್ಲವನ್ನೂ ವಿವರಿಸಿದ್ದೀರಿ, ಇದೊಂದನ್ನು ಬಿಟ್ಟಿದ್ದೀರಿ. ಪ್ರೇಮದ ಕಥೆಯನ್ನೂ ದೆವ್ವದ ಕಥೆಯನ್ನೂ ಒಂದು ಮಾಡುವುದು ಹೇಗೆಂದು ನಿಮ್ಮ ಗೆಳೆಯರು ತಲೆ ಕೆಡಿಸಿಕೊಂಡಿದ್ದರಲ್ಲ, ಅವೆರಡೂ ಮೊದಲಿನಿಂದಲೂ ಒಂದೇ ಆಗಿವೆ ಎಂದು ನನಗೆ ತೋರುತ್ತದೆ. ಆ ಊರಿನಲ್ಲಿ ಭಾಗ್ಯಳ ಮನಸ್ಸು ಗೊತ್ತಿರುವುದು ದೆವ್ವಕ್ಕೆ ಮಾತ್ರ.

ಹಳೇಪುಸ್ತಕ ಅವರ ಉತ್ತರ:

ಸಂಜೆಮಲ್ಲಿಗೆ ಅವರೇ, ನಲವತ್ತು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆ ಹೊಳೆಯಲಿಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ಆ ಅರಳಿಕಟ್ಟೆಯ ದೃಶ್ಯದಲ್ಲಿ ನಾಗರತ್ನಳೂ ಅಲ್ಲಿಯೇ ಇರಬೇಕು, ರಕ್ತದೊತ್ತಡ ನೋಡುವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು. ಭಾಗ್ಯ ಹೇಳುವ ಸುಳ್ಳನ್ನು ಅವಳು ಕೇಳಿಸಿಕೊಳ್ಳಬೇಕು.

ಹಿನ್ನೀರು_124 ಅವರ ಉತ್ತರ:

ಮೇಲಿನ ಉತ್ತರವನ್ನು ನನ್ನ ಮನೆಯವರಿಗೆ ಓದಿ ಹೇಳಿದೆ. 'ಅಮ್ಮಿ' ಎಂಬುದರ ವಿಷಯ ಖಂಡಿತ ನಿಜ ಎಂದರು. ಅವರು ಹೊಸಪೇಟೆಯ ಕಡೆಯವರು. ಮದುವೆಯಾಗಿ ಮೂವತ್ತೆಂಟು ವರ್ಷಗಳಾದರೂ ಅದು ಅವರಿಗೆ ಇನ್ನೂ ಬಾಯಿಗೆ ಬಂದಿಲ್ಲ. ಅಂದ ಹಾಗೆ, ಹಿಂದಿನ ಉತ್ತರದಲ್ಲಿ ಹೇಳಲು ಮರೆತಿದ್ದೆ: ಕೆರೆಯಂಗಳದ ಮಣ್ಣು ಮೇಲೆ ಒಣಗಿ ಬಿರಿದಂತೆ ಕಂಡರೂ ಕೆಳಗೆ ಹೂಳು ಹಸಿಯಾಗಿಯೇ ಇರುತ್ತದೆ. ರಾತ್ರಿ ಅಲ್ಲಿ ಓಡುವವರು ಮೊಣಕಾಲಿನವರೆಗೆ ಹೂತುಹೋಗುತ್ತಾರೆ. ನಿಮ್ಮ ಪಾತ್ರಗಳನ್ನು ದಯವಿಟ್ಟು ಓಡಿಸಬೇಡಿ, ನಡೆಸಿರಿ.

ಕುಕ್ಕರಹಳ್ಳಿ_ದಂಡೆ (ಮೈಸೂರು) ಅವರ ಮರುಉತ್ತರ:

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ದಿನ ಏನೂ ಬರೆಯದೆ ಇದ್ದದ್ದಕ್ಕೆ ಕ್ಷಮೆಯಿರಲಿ, ಹಸ್ತಪ್ರತಿಯನ್ನು ಮೊದಲಿನಿಂದ ಓದುತ್ತಿದ್ದೆ.

ಕಥೆಯನ್ನು 2002ಕ್ಕೆ ಒಯ್ಯುತ್ತಿದ್ದೇನೆ. ವಿಧವೆಯ ಗೆಳತಿಯನ್ನು ತೆಗೆದುಹಾಕಿದ್ದೇನೆ. ಕರೆಯುವ ದನಿಗೆ ಹೆಸರು, ಹಿಂದಿನ ಕಥೆ ಯಾವುದೂ ಇರುವುದಿಲ್ಲ; ತಾನು ಬಿಟ್ಟುಕೊಟ್ಟ ಮನೆಗೆ ಯಾರನ್ನಾದರೂ ತುಂಬಿಸಿಕೊಳ್ಳಲು ಒಂದು ಊರಿಗೆ ಊರೇ ಕರೆಯುತ್ತಿದೆ, ಅಷ್ಟೇ. ಕೊನೆಯಲ್ಲಿ ಗುಡುಗು ಸಿಡಿಲು ಇದ್ದದ್ದು ಹೌದು, ಹನ್ನೆರಡು ಪುಟ! ಹರಿದು ಹಾಕಿದೆ. ನೀರು ಸದ್ದಿಲ್ಲದೆ ಏರುವ ರಾತ್ರಿ ಇಬ್ಬರೂ ಆ ಹೂಳಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು ದಡಕ್ಕೆ ಬರುತ್ತಾರೆ, ಇಬ್ಬರೂ ಬದುಕಿರುತ್ತಾರೆ. ಬೆಳಿಗ್ಗೆ ಯಾವ ಬಸ್ಸು ಹತ್ತುತ್ತಾರೆ, ಹತ್ತುತ್ತಾರೋ ಇಲ್ಲವೋ ಎಂಬುದನ್ನು ಇನ್ನೂ ಯೋಚಿಸಬೇಕಾಗಿದೆ.

ಸಂಜೆಮಲ್ಲಿಗೆ ಅವರೇ, ಅರಳಿಕಟ್ಟೆಯ ದೃಶ್ಯ ನನ್ನ ಹಸ್ತಪ್ರತಿಯಲ್ಲಿ ಈಗಾಗಲೇ ಇದೆ, ಹನ್ನೊಂದನೆಯ ಅಧ್ಯಾಯದಲ್ಲಿ. ನೀವು ಹೇಳಿದ ಹಾಗೆಯೇ ಒಬ್ಬೊಬ್ಬರೂ ಹೇಳುತ್ತಾ ಬರುತ್ತಾರೆ. ಭಾಗ್ಯಳ ಸರದಿ ಬಂದಾಗ ಅವಳು 'ಅವ್ವನ ದನಿ' ಎನ್ನುತ್ತಾಳೆ. ಅದನ್ನು ನಾನು ಅವಳ ಸುಳ್ಳೆಂದು ಬರೆದಿರಲಿಲ್ಲ. ಅವಳಿಗೆ ಕೇಳಿಸಿದ್ದೇ ಅವ್ವನ ದನಿ ಎಂದು, ಒಂಬತ್ತನೆಯ ಅಧ್ಯಾಯದಲ್ಲಿ, ನಾಲ್ಕು ಪುಟಗಳ ತುಂಬ ಅವಳ ತಾಯಿಯ ನೆನಪುಗಳನ್ನು ಹಾಕಿ ಬರೆದಿದ್ದೇನೆ. ಹಾಗೆ ಬರೆದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಒಳಗಿನ ಕೋಣೆಯಲ್ಲಿ ಮನೆಯವರು ಕೆಮ್ಮಿದ ಸದ್ದಾಯಿತು, ನಾನು ಕಂಪ್ಯೂಟರಿನ ಪರದೆಯನ್ನು ಅರ್ಧ ಮಡಚಿದೆ, ಮತ್ತೆ ತೆರೆದು 'ಅವ್ವ' ಎಂದು ಬರೆದೆ. ಏಕೆಂದು ಆಗ ಕೇಳಿಕೊಳ್ಳಲಿಲ್ಲ.

ಒಂಬತ್ತನೆಯ ಅಧ್ಯಾಯವನ್ನು ನಿನ್ನೆಯಿಂದ ಹೊಸದಾಗಿ ಬರೆಯುತ್ತಿದ್ದೇನೆ. ನಾಲ್ಕು ಪುಟ ಈಗ ಒಂದೂವರೆ ಪುಟಕ್ಕೆ ಇಳಿದಿದೆ. ಹನ್ನೊಂದನೆಯದರಲ್ಲಿ 'ಅವ್ವನ ದನಿ' ಎಂಬ ಮಾತನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.